ನರಸಿಂಹಪ್ಪನ ಮನೆಯ ಟೊಮೆಟೊ ಗೊಜ್ಜು

ಫೆಬ್ರವರಿ ಹನ್ನೆರಡು, ಗುರುವಾರ. ಬೆಳಿಗ್ಗೆ ಹತ್ತು ಗಂಟೆಗೆ ಭೀಮರಾಜ್ ಎಂಬ ಮೂವತ್ತರ ಆಸುಪಾಸಿನ ಯುವಕ ಕೋಲಾರದ ಗ್ರಾಮಾಂತರ ಠಾಣೆಯ ಮೆಟ್ಟಿಲು ಹತ್ತಿದಾಗ ಪಿಎಸ್‌ಐ ಗಂಗಾಲಕ್ಷ್ಮಿ ಎಂದಿನಂತೆ ಕುರ್ಚಿಯಲ್ಲಿರಲಿಲ್ಲ. ಅವಳಿಗೂ ಕುರ್ಚಿಗೂ ಆಗಿಬರುವುದಿಲ್ಲವೆಂಬುದು ಠಾಣೆಯಲ್ಲಿ ಎಲ್ಲರಿಗೂ ಗೊತ್ತು. ಕೇಸು ಇದ್ದರೆ ಬಾಲ ಸುಟ್ಟ ಬೆಕ್ಕಿನಂತೆ ಓಡಾಡುತ್ತಾಳೆ, ಇಲ್ಲದಿದ್ದರೆ ಇನ್ನೂ ಜಾಸ್ತಿ ಓಡಾಡುತ್ತಾಳೆ. ಅವಳಿಗೆಂದು ತಂದಿಟ್ಟ ಟೀ ಕೆನೆ ಕಟ್ಟುವುದನ್ನು ನೋಡುತ್ತ ಹೆಡ್ ಕಾನ್ಸ್‌ಟೇಬಲ್ ಮುನಿಯಲ್ಲಪ್ಪ ದಿನವೂ ಮನಸ್ಸಿನಲ್ಲೇ ಮರುಗುತ್ತಿದ್ದ.

"ನನ್ನ ಹೆಂಡ್ತಿಗೆ ವಿಷ ಹಾಕವ್ರೆ ಮೇಡಂ," ಎಂದ ಭೀಮರಾಜ್. ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ನಿಂತು ನೇರ ಇಲ್ಲಿಗೆ ಬಂದಿದ್ದ.

"ಕೂತ್ಕೊಳ್ಳಿ. ಯಾರು ಹಾಕಿದ್ದು?"

"ತ್ರಿವೇಣಿ ಅಂತ. ಕ್ಯಾಲನೂರಿನೋಳು. ನರಸಾಪುರದಲ್ಲಿ ಇಬ್ರೂ ಒಂದೇ ಕಂಪನಿ, ಒಂದೇ ಲೈನು."

ಅವನು ಹೇಳಿದ್ದು ಇಷ್ಟು. ಅವನ ಹೆಂಡತಿ ಅನಿತ ಮತ್ತು ತ್ರಿವೇಣಿ ಮಧ್ಯಾಹ್ನದ ಊಟಕ್ಕೆ ಡಬ್ಬಿ ಬದಲಾಯಿಸಿಕೊಳ್ಳುವುದು ರೂಢಿ. ಬುಧವಾರ ಅನಿತಳ ಚಿತ್ರಾನ್ನ ತ್ರಿವೇಣಿಗೆ, ತ್ರಿವೇಣಿಯ ರಾಗಿಮುದ್ದೆ, ಟೊಮೆಟೊ ಗೊಜ್ಜು ಅನಿತಳಿಗೆ. ಸಂಜೆ ಕಂಪನಿ ಬಸ್ಸಿನಲ್ಲಿ ವಾಪಸು ಬರುವಾಗ ಅನಿತ ಗಾಳಿಯಲ್ಲಿ ನೂಲು ಎಳೆಯತೊಡಗಿದಳು. ಸತ್ತುಹೋದ ತನ್ನ ತಾಯಿಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಮಾತನಾಡಿದಳು. ಕೋಲಾರ ಮುಟ್ಟುವ ಹೊತ್ತಿಗೆ ಫಿಟ್ಸ್ ಬಂದಿತ್ತು. ತ್ರಿವೇಣಿಗೆ ಏನೂ ಆಗಿರಲಿಲ್ಲ.

"ಇಬ್ರಿಗೂ ಜಗಳ ಇತ್ತಾ?"

"ಹೋದ ವಾರ ಲೈನ್ ಲೀಡರ್ ಕೆಲ್ಸ ಅನಿತಂಗೆ ಸಿಗ್ತು. ಅವ್ಳಿಗೆ ಸಿಗ್ಲಿಲ್ಲ. ಇನ್ನೇನ್ ಬೇಕು ಮೇಡಂ?"

ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆಯ ನೂರಿಪ್ಪತ್ಮೂರನೇ ಕಲಂ, ವಿಷವುಣಿಸಿ ಗಾಯಗೊಳಿಸಿದ್ದು. ಆರೋಪಿಯ ಹೆಸರಿನ ಜಾಗದಲ್ಲಿ ತ್ರಿವೇಣಿ. ಅನಿತಳ ಚೀಲದಲ್ಲಿದ್ದ ಸ್ಟೀಲ್ ಡಬ್ಬಿಯನ್ನು ಭೀಮರಾಜ್ ತಂದಿದ್ದ. ತಳದಲ್ಲಿ ಗೊಜ್ಜು ಇನ್ನೂ ಮೆತ್ತಿಕೊಂಡಿತ್ತು. ಅದನ್ನು ಪಂಚರ ಎದುರು ಬಟ್ಟೆ ಸುತ್ತಿ ಅರಗು ಹಾಕಿ ಮೊಹರು ಮಾಡಿದರು.

ಆಸ್ಪತ್ರೆಯಲ್ಲಿ ಡಾಕ್ಟರ್ ಧನಶ್ರೀ ಸುತ್ತು ಬಳಸಿ ಮಾತಾಡಲಿಲ್ಲ. "ದತ್ತೂರಿ ಅನ್ಸುತ್ತೆ. ಬಾಯಿ ಒಣಗಿದೆ, ಕಣ್ಣಿನ ಪಾಪೆ ಅಗಲವಾಗಿದೆ, ಮೈ ಕೆಂಡದ ಥರ ಇದೆ. ಗಾಳಿಲಿ ದಾರ ಎಳೆಯೋದು ಅದರದೇ ಲಕ್ಷಣ."

"ಉಳೀತಾರಾ?"

"ಫಿಟ್ಸ್ ಬಂದಿದೆ, ವೆಂಟಿಲೇಟರ್ ಹಾಕಿದೀವಿ. ಈಗಲೇ ಏನೂ ಹೇಳಲ್ಲ."

ಮಧ್ಯಾಹ್ನ ಜೀಪು ಕ್ಯಾಲನೂರು ಸೇರಿದಾಗ ನರಸಿಂಹಪ್ಪನ ಮನೆ ಮುಂದೆ ಜನ ಸೇರಿ ಆಗಿತ್ತು. ನರಸಿಂಹಪ್ಪ ತ್ರಿವೇಣಿಯ ಮಾವ. ಹಾಲಿನ ಡೇರಿಯಲ್ಲಿ ಬಹಳ ವರ್ಷ ಕಾರ್ಯದರ್ಶಿಯಾಗಿದ್ದ ಮನುಷ್ಯ, ಅರವತ್ತು ದಾಟಿದ್ದರೂ ಗತ್ತು ಇಳಿದಿರಲಿಲ್ಲ. ಅವನೂ ಹೆಂಡತಿ ಶಾಮಲಮ್ಮನೂ ಅಂದು ಬೆಳಿಗ್ಗೆಯಷ್ಟೇ ಮುಳಬಾಗಿಲು ಕಡೆಯ ಒಂದು ಗುಡಿಯಲ್ಲಿ ಒಂಬತ್ತು ದಿನದ ಸೇವೆ ಮುಗಿಸಿ ಬಂದಿದ್ದರು. ಬ್ಯಾಗು ಇನ್ನೂ ಜಗಲಿಯಲ್ಲೇ ಇತ್ತು.

ತ್ರಿವೇಣಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಅತ್ತು ಅತ್ತು ಮುಖ ಊದಿತ್ತು.

"ಗೊಜ್ಜು ಮಾಡಿದ್ದು ಯಾರು?"

"ನಾನೇ ಮೇಡಂ."

"ನೀನು ತಿಂದ್ಯಾ?"

"ಇಲ್ಲ. ಬೆಳಿಗ್ಗೆ ಐದೂವರೆಗೆ ಬಸ್ಸು, ಅಷ್ಟೊತ್ತಿಗೆ ಯಾರು ತಿಂತಾರೆ? ಮಾಡಿದ್ದೆಲ್ಲ ಡಬ್ಬಿಗೆ ಹಾಕ್ದೆ."

"ನಿನ್ನ ಗಂಡ?"

"ಅವ್ರು ಟೊಮೆಟೊ ಲೋಡ್ ತಗೊಂಡು ಶ್ರೀನಿವಾಸಪುರಕ್ಕೆ ಹೋಗಿದ್ರು."

ಗಂಡ ಕದಿರೇಶ್ ಗೂಡ್ಸ್ ಗಾಡಿ ಓಡಿಸುತ್ತಿದ್ದ. ಪಕ್ಕದಲ್ಲೇ ನಿಂತು ತಲೆಯಾಡಿಸಿದ. ಗಂಗಾಲಕ್ಷ್ಮಿ ಅವನತ್ತ ತಿರುಗಿ, ನಿಮ್ಮ ತಂದೆ ಯಾವ ಸೇವೆಗೆ ಹೋಗಿದ್ದರು ಎಂದು ಕೇಳಿದಳು. ಕೇಳಲೇಬೇಕಾದ ಪ್ರಶ್ನೆಯೇನಲ್ಲ. ಅವಳಿಗೆ ಸುಮ್ಮನೆ ನಿಲ್ಲಲು ಬರುವುದಿಲ್ಲ, ಅಷ್ಟೇ.

"ಅಪ್ಪಂಗೆ ದೀಪಾವಳಿಯಿಂದ ಒಂಥರಾ ಆಗಿತ್ತು ಮೇಡಂ. ನಾಲ್ಕು ದಿನ ಚೆನ್ನಾಗಿರೋರು, ಆಮೇಲೆ ಇದ್ದಕ್ಕಿದ್ದಂಗೆ ಗೋಡೆ ಮೇಲೆ ಇರುವೆ ಹರೀತಾವೆ ಅನ್ನೋರು. ಗಾಳಿಲಿ ಏನೋ ಹಿಡ್ಕೊಂಡು ಎಳೆಯೋರು. ಗುಡಿಲಿ ಎರಡೇ ದಿನಕ್ಕೆ ವಾಸಿ ಆಯ್ತು. ದೇವ್ರ ಮಹಿಮೆ."

ಮುನಿಯಲ್ಲಪ್ಪ ಗಂಗಾಲಕ್ಷ್ಮಿಯ ಮುಖ ನೋಡಿದ, ಅವಳು ಅವನ ಮುಖ ನೋಡಿದಳು. ದೇವರನ್ನು ತನಿಖೆಗೆ ಎಳೆಯುವುದು ಯಾಕೆಂದು ಇಬ್ಬರೂ ಬಾಯಿ ಬಿಡಲಿಲ್ಲ. ಮನೆಯಲ್ಲಿದ್ದಾಗ ಹುಚ್ಚು, ಮನೆ ಬಿಟ್ಟರೆ ವಾಸಿ ಎಂದರೆ ವಿಷ ಈ ಮನೆಯಲ್ಲೇ ಇದೆ, ತಿಂಗಳುಗಳಿಂದ ಇದೆ.

ಆಗ ಒಳಗಿನಿಂದ ಒಂದು ತೆಳ್ಳನೆಯ ದನಿ ಬಂತು. "ಅವ್ಳು ಮಾಡಿಲ್ಲಮ್ಮ. ನನ್ನ ಸೊಸೆ ಏನೂ ಮಾಡಿಲ್ಲ."

ಶಾಮಲಮ್ಮ. ಐವತ್ತೈದರ ಹೆಂಗಸು, ಬೆರಳುಗಳು ಮಾತ್ರ ಹುಡುಗಿಯವಂತೆ ಚುರುಕು, ಸೆರಗಿನ ಅಂಚನ್ನು ಮಡಿಸುತ್ತ ಬಿಚ್ಚುತ್ತ ಇದ್ದವು. ಅವಳು ಇನ್ನೇನೋ ಹೇಳಲು ಹೊರಟಿದ್ದಳು. ಕದಿರೇಶ್ ತಡೆದ. "ಅಮ್ಮ, ನೀನು ಸುಮ್ನಿರು. ಅಮ್ಮನ ಮಾತು ಲೆಕ್ಕಕ್ಕೆ ತಗೋಬೇಡಿ ಮೇಡಂ." ನರಸಿಂಹಪ್ಪ ಜಗಲಿಯಿಂದಲೇ ಕೈ ಬೀಸಿದ, ಕೋಳಿ ಓಡಿಸುವ ಹಾಗೆ. ಶಾಮಲಮ್ಮ ಒಳಗೆ ಹೋದಳು. ಗಂಗಾಲಕ್ಷ್ಮಿಯೂ ಅವಳ ಮಾತನ್ನು ಅಲ್ಲಿಗೇ ಬಿಟ್ಟಳು.

ಅಡುಗೆಮನೆಯ ಉಪ್ಪು, ಖಾರದಪುಡಿ, ಹುಣಸೆಹಣ್ಣು, ಎಣ್ಣೆ, ರಾಗಿಹಿಟ್ಟು ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ತೆಗೆದು ಪಂಚನಾಮೆ ಬರೆದರು. ಮನೆಯ ಮೂಲೆ ಮೂಲೆ ತಡಕಿದರೂ ದತ್ತೂರಿಯ ಒಂದು ಬೀಜ ಸಿಗಲಿಲ್ಲ. ಅಡುಗೆಮನೆಗೆ ಬೀಗ ಹಾಕಿ ಮೊಹರು ಮಾಡಿ, ಹಿಂಬಾಗಿಲಲ್ಲಿ ಒಬ್ಬ ಕಾನ್ಸ್‌ಟೇಬಲನ್ನು ಕೂರಿಸಿದರು. ಯಾರೂ ಒಳಗಿನಿಂದ ಏನನ್ನೂ ಸಾಗಿಸಬಾರದು, ಹಿತ್ತಲಿಗೂ ಕಾಲಿಡಬಾರದು ಎಂದು ಹೇಳಿ ಹೊರಟರು.

ಸಂಜೆ ಸರ್ಕಲ್ ಸಾಹೇಬರು ಫೋನಿನಲ್ಲಿ ಗುಡುಗಿದರು. "ಮಾಡ್ದೋಳು ಒಪ್ಕೊಂಡವ್ಳೆ, ತಿಂದೋಳು ಮಲಗವ್ಳೆ, ದ್ವೇಷಾನೂ ಇದೆ. ಮಾವನ ಮೇಲೂ ಮೊದ್ಲೇ ಪ್ರಯೋಗ ಮಾಡಿದಾಳೆ. ಇನ್ನೇನ್ರೀ ನೋಡ್ತಿದ್ದೀರಾ?"

"ಲ್ಯಾಬ್ ರಿಪೋರ್ಟ್ ಬರ್ಲಿ ಸರ್."

"ಮಂಗಳವಾರದವರೆಗೆ ಟೈಮು. ಆಮೇಲೆ ಅವ್ಳನ್ನ ಒಳಗೆ ಹಾಕ್ಬೇಕು."

ಆ ನಾಲ್ಕು ದಿನ ಗಂಗಾಲಕ್ಷ್ಮಿಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಹುತ್ತೂರಿನ ತನ್ನ ತವರಿಗೆ ಹೋಗಿ ಕೂತರೂ ಐದು ನಿಮಿಷಕ್ಕೆ ಎದ್ದಳು. ಅವಳ ಲೆಕ್ಕಕ್ಕೆ ತ್ರಿವೇಣಿ ಸರಿಹೊಂದುತ್ತಿರಲಿಲ್ಲ. ವಿಷ ಹಾಕಿದವಳು ಡಬ್ಬಿಯನ್ನು ತೊಳೆಯದೆ ಎದುರಿನವಳ ಚೀಲದಲ್ಲೇ ಬಿಟ್ಟು ಬರುತ್ತಾಳೆಯೇ? ಆದರೆ ಬೇರೆ ಯಾರು? ಮಾವನಿಗೆ ಹುಚ್ಚು ಹಿಡಿದಾಗ ಮನೆಯಲ್ಲಿ ತ್ರಿವೇಣಿ ಇದ್ದಳು. ಅನಿತ ಬಿದ್ದಾಗಲೂ ತ್ರಿವೇಣಿಯೇ ಇದ್ದಳು. ಮಿಕ್ಕವರು ಊರಲ್ಲೇ ಇರಲಿಲ್ಲ. ಯಾವ ಕಡೆಯಿಂದ ಹೊರಟರೂ ದಾರಿ ಆ ಹುಡುಗಿಯ ಕಾಲ ಬುಡಕ್ಕೇ ಬಂದು ನಿಲ್ಲುತ್ತಿತ್ತು.

ತ್ರಿವೇಣಿ ದಿನವೂ ಠಾಣೆಗೆ ಬಂದು ಸಹಿ ಹಾಕಿ ಹೋಗುತ್ತಿದ್ದಳು. ಕಂಪನಿಯವರು ಕೆಲಸಕ್ಕೆ ಬರಬೇಡ ಎಂದಿದ್ದರು. ಶನಿವಾರ ಯಾರೋ ಅವಳ ಮೇಲೆ ಸಗಣಿ ಎರಚಿದ್ದರು. ಅದೇ ಸೀರೆಯಲ್ಲೇ ಬಂದಳು.

"ಅನಿತ ಎದ್ಲಾ ಮೇಡಂ?" ಇದೊಂದೇ ಅವಳ ಪ್ರಶ್ನೆ.

"ಇಲ್ಲ."

"ಅವ್ಳು ಅವತ್ತು ರಜಾ ಹಾಕಿದ್ದಿದ್ರೆ ಆ ಗೊಜ್ಜು ನಾನೇ ತಿಂತಿದ್ದೆ."

ಗಂಗಾಲಕ್ಷ್ಮಿ ಹೊರಗೆ ಹೋಗಿ ಅಂಗಳದಲ್ಲಿ ಶತಪಥ ತಿರುಗಿದಳು.

ಮಂಗಳವಾರ, ಹದಿನೇಳರಂದು, ಬೆಂಗಳೂರಿನ ಪ್ರಯೋಗಾಲಯದಿಂದ ವರದಿ ಬಂತು. ಡಬ್ಬಿಯ ಗೊಜ್ಜಿನಲ್ಲಿ ದತ್ತೂರಿಯ ವಿಷ ಇರುವುದು ನಿಜ. ಆದರೆ ಉಪ್ಪು, ಖಾರ, ಎಣ್ಣೆ, ಹುಣಸೆ ಎಲ್ಲ ಶುದ್ಧ. ಗೊಜ್ಜನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ದತ್ತೂರಿಯ ಬೀಜದ ಚೂರಾಗಲಿ ಎಲೆಯ ನಾರಾಗಲಿ ಕಾಣಲಿಲ್ಲ ಎಂದು ಕೊನೆಯಲ್ಲಿ ಬರೆದಿತ್ತು.

"ಇದೇನು ಮುನಿಯಲ್ಲಪ್ಪ? ಬೀಜ ಇಲ್ಲ, ಎಲೆ ಇಲ್ಲ, ಬರೀ ವಿಷ ಇದೆ."

"ಮಂತ್ರ ಹಾಕವ್ರೆ ಬಿಡಿ ಮೇಡಂ," ಎಂದ ಮುನಿಯಲ್ಲಪ್ಪ. ಅವಳು ನಗಲಿಲ್ಲ. ತ್ರಿವೇಣಿಯನ್ನು ಒಳಗೆ ಕರೆದಳು.

"ಗೊಜ್ಜಿಗೆ ಏನೇನು ಹಾಕ್ದೆ? ಒಂದೂ ಬಿಡ್ದೆ ಹೇಳು."

"ಎಣ್ಣೆ, ಸಾಸಿವೆ, ಬೆಳ್ಳುಳ್ಳಿ, ಖಾರ, ಉಪ್ಪು, ಟೊಮೆಟೊ."

"ಟೊಮೆಟೊ ನಿನ್ನ ಗಂಡನ ಗಾಡೀದಾ?"

"ಅಲ್ಲ ಮೇಡಂ. ಹಿತ್ಲಲ್ಲಿ ಎರಡು ಗಿಡ ಅವೆ. ಅತ್ತೆ ಅದನ್ನ ಮಾವಂಗೆ ಅಂತಾನೇ ಬೆಳ್ಸಿರೋದು. ಮಾವಂಗೆ ದಿನಾ ಬೇರೆ ಗೊಜ್ಜು, ಅವ್ರಿಗೆ ಬೆಳ್ಳುಳ್ಳಿ ಆಗಲ್ಲ. ಅತ್ತೆ ಇದ್ದಿದ್ರೆ ಆ ಗಿಡ ಮುಟ್ಟೋಕೂ ಬಿಡ್ತಿರ್ಲಿಲ್ಲ. ಅವ್ರು ಗುಡಿಗೆ ಹೋಗಿದ್ರಲ್ಲ, ಹಣ್ಣು ಕೊಳ್ತು ಹೋಗ್ತವೆ ಅಂತ ಎಲ್ಲಾ ಕಿತ್ಕೊಂಡೆ."

ಅವಳ ಮಾತು ಮುಗಿಯುವ ಮೊದಲೇ ಗಂಗಾಲಕ್ಷ್ಮಿ ಜೀಪಿನಲ್ಲಿದ್ದಳು. ಮುನಿಯಲ್ಲಪ್ಪ ಟೋಪಿ ಹಿಡಿದುಕೊಂಡು ಹಿಂದೆ ಓಡಿದ.

ಕ್ಯಾಲನೂರಿನ ಆ ಹಿತ್ತಲಲ್ಲಿ ಕಾವಲಿನ ಕಾನ್ಸ್‌ಟೇಬಲ್ ಎದ್ದು ಸೆಲ್ಯೂಟ್ ಹೊಡೆದ. ಐದು ದಿನದಿಂದ ಆ ಗಿಡಗಳ ಪಕ್ಕದಲ್ಲೇ ಅವನು ಸ್ಟೂಲು ಹಾಕಿಕೊಂಡು ಕೂತಿದ್ದ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಎರಡು ಟೊಮೆಟೊ ಗಿಡ, ಕೋಲು ಕೊಟ್ಟು ದಾರ ಕಟ್ಟಿದ್ದರು. ಎಲೆ ಟೊಮೆಟೊದ್ದೇ, ಹಣ್ಣೂ ಟೊಮೆಟೊದ್ದೇ, ಕೆಂಪಗೆ ಫಳಫಳ ಹೊಳೆಯುತ್ತಿದ್ದವು. ಮುನಿಯಲ್ಲಪ್ಪನಿಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ.

ಗಂಗಾಲಕ್ಷ್ಮಿ ಮಣ್ಣಿನಲ್ಲಿ ಮಂಡಿಯೂರಿ ಕೂತಳು. ಕಾಂಡದ ಬುಡದಲ್ಲಿ, ಮಣ್ಣಿಗಿಂತ ನಾಲ್ಕು ಬೆರಳು ಮೇಲೆ, ಗಂಟಿನಂತಹ ಗುರುತು ಇತ್ತು. ಕಸಿ ಮಾಡಿದ ಗಿಡ. ಅದರಲ್ಲೂ ಆಶ್ಚರ್ಯವಿಲ್ಲ. ಹುತ್ತೂರಿನಲ್ಲಿ ಅವಳ ತಂದೆ ಹಾಕುವುದೂ ಕಸಿ ಸಸಿಯೇ. ಬೇರು ಕೊಳೆಯದಿರಲಿ ಎಂದು ಕಾಡು ಬದನೆಯ ಬೇರಿಗೆ ಟೊಮೆಟೊದ ಕುಡಿ ಕೂರಿಸುತ್ತಾರೆ. ಆಮೇಲೆ ಗಂಟಿನ ಕೆಳಗಿನಿಂದ ಬೇರಿನ ಗಿಡ ತನ್ನದೇ ಚಿಗುರು ಹೊರಡಿಸುತ್ತದೆ, ಅದನ್ನು ಆಗಿಂದಾಗ ಚಿವುಟುತ್ತಿರಬೇಕು. ಚಿಕ್ಕಂದಿನಲ್ಲಿ ಶಾಲೆಗೆ ಹೋಗುವ ಮೊದಲು ಅವಳು ಸಾಲು ಸಾಲು ಚಿವುಟಿದ್ದಾಳೆ. ಈ ಗಿಡಗಳಿಗೆ ಎರಡು ವಾರದಿಂದ ಚಿವುಟುವ ಕೈ ತಾಗಿರಲಿಲ್ಲ. ಒಂಬತ್ತು ದಿನ ಗುಡಿ, ಐದು ದಿನ ಪೊಲೀಸ್ ಕಾವಲು. ಗಂಟಿನ ಕೆಳಗಿನಿಂದ ಗೇಣುದ್ದದ ಚಿಗುರು ಎದ್ದಿತ್ತು.

ಕಾಡು ಬದನೆಯಾಗಿದ್ದರೆ ಎಲೆಯ ಮೇಲೆ ನವಿರು ಇರಬೇಕಿತ್ತು. ಇದರ ಎಲೆ ಅಗಲ, ನುಣುಪು. ತುದಿಯಲ್ಲಿ ಮಡಿಸಿದ ಕೊಡೆಯಂತೆ ಸುತ್ತಿಕೊಂಡ ಒಂದು ಬಿಳಿ ಮೊಗ್ಗು. ಅವಳು ಎಲೆಯನ್ನು ಬೆರಳಲ್ಲಿ ಹಿಸುಕಿ ಮೂಸಿ ಮುಖ ಕಿವುಚಿದಳು. ಮುನಿಯಲ್ಲಪ್ಪ ಬಗ್ಗಿ ನೋಡಿದ. ಅವನ ಬಾಯಿಂದ ಮನೆಮಾತು ತೆಲುಗೇ ಬಂತು. "ಅಯ್ಯೋ, ಇದಿ ಉಮ್ಮೆತ್ತ ಕದಾ ಮೇಡಂ!"

"ಉಮ್ಮತ್ತಿನೇ. ದತ್ತೂರಿ," ಎಂದಳು ಗಂಗಾಲಕ್ಷ್ಮಿ. "ಬೇರು ಉಮ್ಮತ್ತಿದು, ಮೇಲೆ ಟೊಮೆಟೊ. ವಿಷ ಬೇರಿಂದ ಹಣ್ಣಿಗೆ ಏರಿದೆ. ಅದಕ್ಕೇ ಬೀಜ ಸಿಕ್ಕಿಲ್ಲ."

ಹಿಂಬಾಗಿಲಲ್ಲಿ ಶಾಮಲಮ್ಮ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ.

"ಕಸಿ ಕೆಲಸ ನಿಮಗೆ ಬರುತ್ತಾ?"

"ಮಾಲೂರು ರಸ್ತೆಯ ನರ್ಸರಿಲಿ ಆರು ವರ್ಷದಿಂದ ಅದೇ ಕೆಲ್ಸ ನಂದು."

"ಇದು ನೀವೇ ಮಾಡಿದ್ದಾ?"

"ನಾನೇ. ಸೊಸೆಗೆ ಗೊತ್ತಿಲ್ಲ. ಮಗಂಗೂ ಗೊತ್ತಿಲ್ಲ." ಆಮೇಲೆ ಕೇಳಿದಳು, "ಆ ಹುಡುಗಿ ಎದ್ಲಾ ಅಮ್ಮಾ?"

ಪಂಚರನ್ನು ಕರೆಸಿದರು. ಎರಡೂ ಗಿಡಗಳನ್ನು ಬೇರು, ಮಣ್ಣು, ಹಣ್ಣಿನ ಸಮೇತ ಅಗೆದು ತೆಗೆದು, ಎರಡನೇ ಪಂಚನಾಮೆ ಬರೆದು, ಮಧ್ಯಾಹ್ನ ಮೂರು ಗಂಟೆಗೆ ಶಾಮಲಮ್ಮನನ್ನು ದಸ್ತಗಿರಿ ಮಾಡಿದರು. ಸಂಗತಿ ತಿಳಿದು ನರಸಿಂಹಪ್ಪ ಊರಿಗೆಲ್ಲ ಕೇಳುವಂತೆ ಕೂಗಿದ: "ನಾನು ಅವತ್ತಿಂದ ಬಡ್ಕೋತಿರ್ಲಿಲ್ವಾ? ಇವ್ಳಿಗೆ ತಲೆ ಕೆಟ್ಟದೆ ಅಂತ!" ಜನ ಹೌದೆಂದು ತಲೆಯಾಡಿಸಿದರು. ಗಂಗಾಲಕ್ಷ್ಮಿಗೆ ಅಲ್ಲೇ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಯೂನಿಫಾರ್ಮು ಅಡ್ಡ ಬಂತು.

ಠಾಣೆಯಲ್ಲಿ ಶಾಮಲಮ್ಮನಿಗೆ ನೀರು ಕೊಟ್ಟು ಎದುರಿಗೆ ಕೂರಿಸಿಕೊಂಡಳು. ಅಪರೂಪಕ್ಕೆ ತಾನೂ ಕೂತಳು.

"ಗಂಡನ್ನ ಸಾಯಿಸ್ಬೇಕು ಅಂತಿತ್ತಾ?"

"ಇಲ್ಲಮ್ಮ. ನಾಲ್ಕೈದು ದಿನಕ್ಕೊಂದು ಹಣ್ಣು, ಅಷ್ಟೇ ಅವ್ರ ಗೊಜ್ಜಿಗೆ ಹಾಕ್ತಿದ್ದಿದ್ದು. ಸತ್ರೆ ಏನು ಬಂತು? ಊರೋರು ಹಾರ ಹಾಕ್ತಾರೆ."

"ಮತ್ತೆ?"

ಅವಳು ನಿಧಾನವಾಗಿ ಹೇಳಿದಳು. ಚೈತನ್ಯ ಎಂದು ಒಬ್ಬ ಮಗಳಿದ್ದಳು, ಎಂಟನೇ ಕ್ಲಾಸು. ಜ್ವರ ಏರಿದಾಗ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ ಎಂದು ಶಾಮಲಮ್ಮ ಗಂಡನ ಕಾಲು ಹಿಡಿದಳು. ಡೇರಿಯ ವಾರ್ಷಿಕ ಸಭೆ ಮುಗಿಯಲಿ ಎಂದ ಅವನು. ಸಭೆ ಮುಗಿಯಿತು, ಮಗಳೂ ಮುಗಿದಳು. ತಿಥಿಯ ದಿನ ನೆಂಟರಿಷ್ಟರ ಎದುರು ಶಾಮಲಮ್ಮ ಎದ್ದು ನಿಂತು, ನನ್ನ ಮಗಳನ್ನು ಕೊಂದವರು ಇವರೇ ಎಂದಳು.

"ದುಃಖಕ್ಕೆ ಹುಚ್ಚು ಹಿಡಿದದೆ ಅಂದ್ರು ಅವ್ರು. ಅಲ್ಲಿಗೆ ಆಯ್ತು. ಅದೇ ಗುಡಿಗೆ ಕರ್ಕೊಂಡು ಹೋಗಿ ಕಂಬಕ್ಕೆ ಕಟ್ಟಿ ಬೇವಿನ ಬರಲಲ್ಲಿ ಹೊಡ್ಸಿದ್ರು. ಇಪ್ಪತ್ತೊಂದು ವರ್ಷ ಆಯ್ತು. ಊರಿಗೆಲ್ಲ ನಾನು ಹುಚ್ಚು ಶಾಮಲಮ್ಮ. ಸಾರಿಗೆ ಉಪ್ಪು ಕಮ್ಮಿ ಆಗದೆ ಅಂದ್ರೂ ಹುಚ್ಚಿ ಮಾತು ಅಂತಾರೆ. ನನ್ನ ಮಗನೂ ಅದನ್ನೇ ಕಲ್ತ."

"ಗಿಡದ ವಿಷಯ ಹೇಗೆ ಗೊತ್ತಾಯ್ತು?"

"ನರ್ಸರಿಗೆ ಒಬ್ರು ಮೇಷ್ಟ್ರು ಟ್ರೇನಿಂಗ್‌ಗೆ ಬಂದಿದ್ರು. ಉಮ್ಮತ್ತಿ ಬೇರಿಗೆ ಮಾತ್ರ ಕೂರಿಸ್ಬೇಡಿ, ಹಣ್ಣಿಗೆ ವಿಷ ಬರ್ತದೆ ಅಂದ್ರು. ಆ ಹೆಸ್ರಿಗೆ ಹುಚ್ಚು ಅಂತಲೇ ಅರ್ಥವಂತೆ. ಎಲ್ರೂ ಕೇಳಿ ಮರ್ತ್ರು. ನಂಗೆ ಮರೆಯೋಕಾಗ್ಲಿಲ್ಲ. ಅವ್ರು ಬಾಯಿ ತೆಗುದ್ರೆ ಯಾರೂ ನಂಬಬಾರ್ದು, ಅಷ್ಟೇ ನಂಗೆ ಬೇಕಿದ್ದಿದ್ದು."

"ಆಯ್ತಲ್ಲ?"

ಶಾಮಲಮ್ಮ ಮೊದಲ ಸಲ ನಕ್ಕಳು. "ಎಲ್ಲಿ ಆಯ್ತು? ನನ್ನ ಕಂಬಕ್ಕೆ ಕಟ್ಟಿದ ಜಾಗದಲ್ಲೇ ಅವ್ರಿಗೆ ಕುರ್ಚಿ ಹಾಕಿ ಕೂರಿಸಿದ್ರು. ಒಬ್ರೂ ಹುಚ್ಚ ಅನ್ಲಿಲ್ಲ. ನರಸಿಂಹಪ್ಪನೋರಿಗೆ ದೃಷ್ಟಿ ಆಗದೆ ಅಂದ್ರು."

"ಸೊಸೇನ ಅನುಮಾನಿಸಿದಾಗಲೇ ನಾನೇ ಮಾಡ್ದೆ ಅಂತ ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಬಂದಿದ್ದೆ. ನೀವು ಕೇಳ್ಲಿಲ್ವಲ್ಲಮ್ಮ."

ಗಂಗಾಲಕ್ಷ್ಮಿ ತಲೆ ತಗ್ಗಿಸಿ ಬರೆದುಕೊಂಡಳು.

ಸಂಜೆ ಐದಕ್ಕೆ ಆಸ್ಪತ್ರೆಯಿಂದ ಫೋನ್ ಬಂತು. ಅನಿತಳ ವೆಂಟಿಲೇಟರ್ ತೆಗೆದಿದ್ದರು. ಗಂಡನನ್ನು ಗುರುತಿಸಿ ನೀರು ಕೇಳಿದ್ದಳು. ಠಾಣೆಯ ಬೆಂಚಿನ ಮೇಲೆ ಕೂತಿದ್ದ ತ್ರಿವೇಣಿ ಸುದ್ದಿ ಕೇಳಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಆಮೇಲೆ ಎದ್ದು ಅತ್ತೆಯ ಹತ್ತಿರ ಹೋಗಿ, ಬೈಯಬೇಕೋ ತಬ್ಬಬೇಕೋ ತಿಳಿಯದೆ, ಪಕ್ಕದಲ್ಲಿ ಸುಮ್ಮನೆ ಕೂತಳು.

ಅಷ್ಟರಲ್ಲಿ ಕದಿರೇಶ್ ವಕೀಲ ವೇಣುಗೋಪಾಲರನ್ನು ಕರೆದುಕೊಂಡು ಬಂದ. ವಕೀಲರು ಅನುಭವಸ್ಥರು, ಮುಖದಲ್ಲಿ ಗೆಲುವಿತ್ತು.

"ಚಿಂತೆ ಬೇಡಮ್ಮ. ಮಾಡಿದಾಗ ನಿಮ್ಮ ಬುದ್ಧಿ ಸ್ಥಿಮಿತದಲ್ಲಿರ್ಲಿಲ್ಲ ಅಂತ ವಾದ ಮಾಡೋಣ. ಇಪ್ಪತ್ತು ವರ್ಷದಿಂದ ಹೀಗೇ ಅಂತ ಇಡೀ ಊರು ಬಂದು ಸಾಕ್ಷಿ ಹೇಳುತ್ತೆ. ನಿಮ್ಮ ಯಜಮಾನ್ರೂ ಹೇಳ್ತೀನಿ ಅಂದವ್ರೆ. ಜೈಲು ತಪ್ಪುತ್ತೆ."

"ಹೂಂ ಅನ್ನಮ್ಮ," ಎಂದ ಕದಿರೇಶ್. ಅವನ ಕಣ್ಣಲ್ಲಿ ನೀರಿತ್ತು. ಅದು ನಿಜವಾದ ನೀರೇ.

ಶಾಮಲಮ್ಮನ ಬೆರಳುಗಳು ಸೆರಗು ಮಡಿಸುವುದನ್ನು ನಿಲ್ಲಿಸಿದವು.

"ಬೇಡ," ಎಂದಳು.

"ಹತ್ತು ವರ್ಷ ಆಗ್ಬಹುದಮ್ಮ."

"ಆಗ್ಲಿ ಸ್ವಾಮಿ. ಆ ಮಾತೊಂದು ಬೇಡ." ಅವಳು ಗಂಗಾಲಕ್ಷ್ಮಿಯತ್ತ ತಿರುಗಿದಳು. "ಬರ್ಕೊಳ್ಳಿ ಅಮ್ಮಾ. ಬುದ್ಧಿ ನೆಟ್ಟಗಿತ್ತು. ಗೊತ್ತಿದ್ದೇ ಮಾಡ್ದೆ. ಗಂಡಂಗೆ ಮಾಡಿದ್ದಕ್ಕೆ ನಂಗೆ ದುಃಖ ಇಲ್ಲ. ಆ ಹುಡುಗಿಗೆ ಆಗಿದ್ದಕ್ಕೆ ಅದೆ, ಸಾಯೋವರ್ಗೂ ಇರ್ತದೆ."

ಗಂಗಾಲಕ್ಷ್ಮಿ ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆದು, ನಿಯಮದಂತೆ ಗಟ್ಟಿಯಾಗಿ ಓದಿ ಹೇಳಿದಳು. ಕದಿರೇಶ್ ನೆಲ ನೋಡುತ್ತಿದ್ದ. ಶಾಮಲಮ್ಮ ಕತ್ತು ಮುಂದೆ ಚಾಚಿ ಒಂದೊಂದು ಅಕ್ಷರವನ್ನೂ ಕೇಳಿಸಿಕೊಂಡಳು.

"ಸರಿಯಾಗಿದೆಯಾ?"

"ಸರಿಯಾಗದೆ," ಎಂದಳು ಶಾಮಲಮ್ಮ. ಆಮೇಲೆ ಸಂಕೋಚದಿಂದ ಕೇಳಿದಳು. "ಇನ್ನೊಂದ್ಸಲ ಓದ್ತೀರಾ?"

ಗಂಗಾಲಕ್ಷ್ಮಿ ಮೊದಲಿನಿಂದ ಓದಿದಳು.